ಅಂಕಿತವಿಲ್ಲದ ರಾಗಗಳು

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಹೊಸಪೇಟೆ. ಬೆಳಗಿನ ಜಾವ ಹಂಪಿ ಎಕ್ಸ್‌ಪ್ರೆಸ್ ಇಳಿದು ಕಣ್ಣುಜ್ಜಿಕೊಳ್ಳುತ್ತಾ ಆಟೋ ಹತ್ತಿದೆ. ಆಟೋದ ಗಾಜಿನ ಮೇಲೆ ಅಪ್ಪು ಫೋಟೋ. (ನಮ್ಮೂರಲ್ಲಿ ಅಪ್ಪು ಫೋಟೋ ಇಲ್ಲದ ಆಟೋ ಹುಡುಕೋದೇ ಕಷ್ಟ ಬಿಡಿ!) ಅಷ್ಟರಲ್ಲಿ ಡ್ರೈವರ್ ಅಣ್ಣನ ಮೊಬೈಲ್ ಬಡಕೊಂಡಿತು. ಡುಮ್... ಡುಮ್... ಡುಮ್... ಕನ್ನಡದ ಕೋಟ್ಯಧಿಪತಿಯ ಅದೇ ಸಂಗೀತ. ನಿದ್ದೆಯೆಲ್ಲ ಹಾರಿಹೋಯ್ತು. ಸೀದಾ 2012ಕ್ಕೆ ಹೋಗಿ ಬಿದ್ದೆ.

ಆಗ ನಾನು ಒಂಬತ್ತನೇ ಕ್ಲಾಸು. ನಮ್ಮಪ್ಪನದು ಒಂದು ಲಾರಿ ಇತ್ತು, ಸಂಡೂರಿನ ಗಣಿಗಳಿಂದ ಅದಿರು ಸಾಗಿಸೋದು. ಸಂಡೂರು ರಸ್ತೆಯಲ್ಲಿ ಗಿಡ, ಮನೆ, ನಾಯಿ, ಮನುಷ್ಯ ಎಲ್ಲ ಕೆಂಪಾಗಿದ್ದ ಕಾಲ ನಿಮಗೂ ನೆನಪಿರಬಹುದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕಾಡಿಗೆ ಅದು ಆಗಲೇಬೇಕಿತ್ತು, ಈಗ ನನಗೂ ಹಾಗೇ ಅನ್ನಿಸುತ್ತೆ. ಆದರೆ ಅವತ್ತಿಂದ ನಮ್ಮ ಲಾರಿ ಮನೆ ಮುಂದೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಓಣಿಯಲ್ಲಿ ಇಂಥವು ಐದಾರು ಲಾರಿ ಸಾಲಾಗಿ ನಿಂತಿದ್ದವು. ಅವುಗಳ ಕೆಳಗೆ ನಾವು ಗೋಲಿ ಆಡ್ತಿದ್ವಿ.

ಅಂಥ ಹೊತ್ತಲ್ಲಿ, 2012ರ ಮಾರ್ಚ್‌ನಲ್ಲಿ, ಸುವರ್ಣ ವಾಹಿನಿಯಲ್ಲಿ ಕೋಟ್ಯಧಿಪತಿ ಶುರುವಾಯ್ತು. ಪುನೀತ್ ರಾಜ್‌ಕುಮಾರ್ ನಗುತ್ತಾ ಬಂದು ಎದುರು ಕೂತರೆ ನಮ್ಮಪ್ಪ ಊಟದ ತಟ್ಟೆ ಹಿಡಿದು ಟೀವಿ ಮುಂದೆ ಕೂರ್ತಿದ್ದರು. ಕರೆಕ್ಟ್ ಉತ್ತರ ಹೇಳಿದಾಗ ಖುಷಿ ಪಡ್ತಿರಲಿಲ್ಲ, ಸುಮ್ಮನೆ ಲೆಕ್ಕ ಹಾಕ್ತಿದ್ದರು. "ಇಷ್ಟು ಬಂದಿದ್ರೆ ಕಂತು ಮುಗೀತಿತ್ತು" ಅಂತ. ಎಸ್ಸೆಮ್ಮೆಸ್ ಕಳಿಸಿ ಕಳಿಸಿ ಕರೆನ್ಸಿ ಖಾಲಿ ಮಾಡಿದ್ದೂ ಇದೆ. ಅಲ್ಲಿಂದ ಫೋನ್ ಬರಲೇ ಇಲ್ಲ ಅಂತ ಬೇರೆ ಹೇಳಬೇಕಾ :)

ಆ ಬೇಸಿಗೆ ಕಂಪ್ಲಿಯಿಂದ ತಾತ ಬಂದಿದ್ದರು. ತಾತ ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ಮಾಸ್ತರು. ಅವರಿಗೆ ಪ್ರಶ್ನೆಯೂ ಬೇಡ, ದುಡ್ಡೂ ಬೇಡ. ಕಣ್ಣು ಮುಚ್ಚಿ ಸಂಗೀತ ಕೇಳ್ತಿದ್ದರು. ಒಂದಿನ ಥಟ್ಟನೆ, "ಏಯ್, ಪ್ರತಿ ಪ್ರಶ್ನೆಗೂ ಒಂದೊಂದು ಮನೆ ಮ್ಯಾಲೆ ಹೋಗ್ತೈತೆ ನೋಡಲೇ" ಅಂದರು. ನನಗೆ ತಿಳೀಲಿಲ್ಲ. ಪೆಟ್ಟಿಗೆ ತೆಗೆದು ಬಾರಿಸಿ ತೋರಿಸಿದರು. ಬಿಳಿ ಒಂದು, ಆಮೇಲೆ ಕರಿ ಒಂದು, ಆಮೇಲೆ ಬಿಳಿ ಎರಡು... "ಭಾಳ ಶಾಣ್ಯಾ ಅದಾನೆ. ಯಾರು ಕಟ್ಟಿದ್ದಲೇ ಇದನ್ನ?"

"ಗೊತ್ತಿಲ್ಲ ತಾತ" ಅಂದೆ. "ಟೀವಿಯೊಳಗೆ ಹೆಸರು ಹಾಕಿರ್ತಾರೆ, ಓದು" ಅಂದರು. ಕೊನೆಯಲ್ಲಿ ಇರುವೆ ಸಾಲಿನಂತೆ ಓಡುವ ಹೆಸರುಗಳನ್ನ ಎರಡು ದಿನ ಕಣ್ಣು ಕಿರಿದು ಮಾಡಿ ನೋಡಿ ಬಿಟ್ಟುಬಿಟ್ಟೆ.

ತಾತ ಈಗಿಲ್ಲ. ಉತ್ತರ ಈಗ ನನ್ನ ಹತ್ತಿರ ಇದೆ.

ಕಟ್ಟಿದ್ದು ಒಬ್ಬರಲ್ಲ, ಇಬ್ಬರು. ಅಪ್ಪ ಮತ್ತು ಮಗ. ಕೀತ್ ಸ್ಟ್ರಾಚನ್, ಮ್ಯಾಥ್ಯೂ ಸ್ಟ್ರಾಚನ್. ಬ್ರಿಟನ್ನಿನಲ್ಲಿ 1998ರ ಸೆಪ್ಟೆಂಬರ್ 4ರಂದು ಈ ಆಟದ ಮೂಲ ಕಾರ್ಯಕ್ರಮ ಪ್ರಸಾರವಾಯ್ತು. ಅದಕ್ಕೆ ಮೊದಲು ಪೀಟ್ ವಾಟರ್‌ಮನ್ ಅನ್ನೋ ದೊಡ್ಡ ಹೆಸರಿನವರಿಂದ ಸಂಗೀತ ಮಾಡಿಸಿದ್ದರಂತೆ. ಪ್ರಸಾರಕ್ಕೆ ಕೆಲವೇ ದಿನ ಇರುವಾಗ ಅದು ಬೇಡ ಅನ್ನಿಸಿ ಇವರನ್ನ ಕರೆದರು. (ರಿಲೀಸ್‌ಗೆ ವಾರ ಇದ್ದಾಗ ಕೋಡ್ ಬದಲಿಸು ಅಂತಾರಲ್ಲ, ನಮ್ಮ ಫೀಲ್ಡಿನವರಿಗೆ ಇದರ ಸಂಕಟ ಚೆನ್ನಾಗಿ ಗೊತ್ತು.) ಹೋಲ್ಸ್ಟ್ ಅನ್ನುವ ಇಂಗ್ಲಿಷ್ ಸಂಗೀತಗಾರನ ಗ್ರಹಗಳ ಮಾಲಿಕೆಯಲ್ಲಿ ಮಂಗಳಗ್ರಹದ ಭಾಗ ಒಂದಿದೆ, ಯುದ್ಧದ ಸದ್ದಿನದು. ಮುಖ್ಯ ರಾಗಕ್ಕೆ ಸ್ಫೂರ್ತಿ ಅದು.

ಇವರು ಮಾಡಿದ ಹೊಸ ಕೆಲಸ ಅಂದ್ರೆ, ಸಂಗೀತ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಅಲ್ಲ, ಆಟದುದ್ದಕ್ಕೂ ಓಡುತ್ತಲೇ ಇರುತ್ತೆ. ಸುಲಭದ ಪ್ರಶ್ನೆಗಳು ಮುಗಿದ ಮೇಲೆ ಒಂದೊಂದು ಪ್ರಶ್ನೆಗೂ ಶ್ರುತಿ ಅರ್ಧ ಸ್ವರ ಮೇಲೇರುತ್ತೆ. ಹೌದು, ತಾತ ಹೇಳಿದ್ದೇ. ಕೂತವನ ಎದೆಬಡಿತ ಏರಿದ ಹಾಗೆ ಅದೂ ಏರುತ್ತೆ. ಇನ್ನೊಂದು ವಿಷಯ ಕೇಳಿದ್ದರೆ ತಾತ ಇನ್ನೂ ಖುಷಿಪಡ್ತಿದ್ದರು. ಕೀತ್ ಸ್ಟ್ರಾಚನ್ ಮೂಲತಃ ನಾಟಕದ ಸಂಗೀತದವರು. 1976ರ ಒಂದು ಸಂಗೀತ ನಾಟಕಕ್ಕೆ ಅವರು ಸೇರಿ ಮಾಡಿದ ಹಾಡು, 1988ರಲ್ಲಿ ಕ್ಲಿಫ್ ರಿಚರ್ಡ್ ಹಾಡಿ, ಬ್ರಿಟನ್ನಿನ ಕ್ರಿಸ್‌ಮಸ್‌ನ ನಂಬರ್ ಒನ್ ಆಗಿತ್ತು. ನಾಟಕದವನ ಕೈಯನ್ನ ಇನ್ನೊಬ್ಬ ನಾಟಕದವನು ಕಂಪ್ಲಿಯಿಂದಲೇ ಗುರುತು ಹಿಡಿದಿದ್ದ!

ಈ ಸಂಗೀತ ಆಟದ ಜೊತೆಗೇ ದೇಶ ದೇಶ ತಿರುಗಿತು. 2000ದ ಜುಲೈ 3ಕ್ಕೆ ಅಮಿತಾಭ್ ಬಚ್ಚನ್ ಜೊತೆ ಹಿಂದಿಗೆ ಬಂತು. 2011ರಲ್ಲಿ ಸೌರವ್ ಗಂಗೂಲಿ ಜೊತೆ ಬಂಗಾಳಿಗೆ, 2012ರಲ್ಲಿ ಸೂರ್ಯ ಜೊತೆ ತಮಿಳಿಗೆ, ಸುರೇಶ್ ಗೋಪಿ ಜೊತೆ ಮಲಯಾಳಕ್ಕೆ, ಅಪ್ಪು ಜೊತೆ ನಮಗೆ.

ಇದನ್ನ ಹುಡುಕ್ತಾ ಇನ್ನೂ ಹಳೆಯವರು ಸಿಕ್ಕರು. ಅಮೆರಿಕದ ಜೆಪರ್ಡಿ ಅನ್ನೋ ಕ್ವಿಜ್ ಗೊತ್ತಲ್ಲ? ಅದರಲ್ಲಿ ಕೊನೆಯ ಪ್ರಶ್ನೆಗೆ ಯೋಚಿಸೋಕೆ 30 ಸೆಕೆಂಡು. ಆಗ ಬರುವ ಪುಟ್ಟ ರಾಗವನ್ನ ಕಾರ್ಯಕ್ರಮದ ಒಡೆಯ ಮರ್ವ್ ಗ್ರಿಫಿನ್ 1964ರ ಹೊತ್ತಿಗೆ ಮಾಡಿದ್ದು, ತನ್ನ ಮಗ ಟೋನಿಯನ್ನ ಮಲಗಿಸೋಕೆ ಜೋಗುಳವಾಗಿ! ಆ 30 ಸೆಕೆಂಡಿನಿಂದ 7 ಕೋಟಿ ಡಾಲರ್‌ಗಿಂತ ಹೆಚ್ಚು ದುಡ್ಡು ಬಂತು ಅಂತ ಅವರೇ ಹೇಳಿದ್ದರು. ನಿಜವಾದ ಕೋಟ್ಯಧಿಪತಿ ಪ್ರಶ್ನೆಗೆ ಉತ್ತರ ಹೇಳಿದವನಲ್ಲ ಸ್ವಾಮಿ, ಹಿಂದೆ ಬಾರಿಸಿದವನು.

ಬ್ರಿಟನ್ನಿನ ಕೌಂಟ್‌ಡೌನ್ 1982ರ ನವೆಂಬರ್ 2ಕ್ಕೆ ಶುರುವಾದದ್ದು. ಅದರ ಗಡಿಯಾರದ 30 ಸೆಕೆಂಡು ಅಲನ್ ಹಾಕ್‌ಶಾ ಅವರದು. ಇವರದೇ ಇನ್ನೊಂದು ರಾಗದ ಕಥೆ ಮಜವಾಗಿದೆ. ಅದನ್ನ ಒಂದು ಶಾಲಾಮಕ್ಕಳ ಧಾರಾವಾಹಿಗೂ ಬಳಸಿದರು, ಬೇರೆ ವಾಹಿನಿಯ ಮೂಕಾಭಿನಯದ ಆಟಕ್ಕೂ ಬಳಸಿದರು, ಅದೂ ಒಂದೇ ಕಾಲದಲ್ಲಿ. ಯಾಕಂದ್ರೆ ಅದು ಸಂಗೀತದ ಲೈಬ್ರರಿಯಿಂದ ಬಂದದ್ದು. ಮೊದಲೇ ನುಡಿಸಿ ಇಟ್ಟಿರ್ತಾರೆ, ಬೇಕಾದವರು ದುಡ್ಡು ಕೊಟ್ಟು ಬಳಸಿಕೊಳ್ಳೋದು, ರೆಡಿಮೇಡ್ ಅಂಗಡಿಯ ಹಾಗೆ. 1972ರ ಮಾಸ್ಟರ್‌ಮೈಂಡ್‌ನ ಭಯ ಹುಟ್ಟಿಸುವ ರಾಗ, ನೀಲ್ ರಿಚರ್ಡ್‌ಸನ್ ಅವರದು, ಅದೂ ಇಂಥ ಲೈಬ್ರರಿಯದೇ. ಆ ಕ್ವಿಜ್ ಕಲ್ಪಿಸಿದ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ವಿಚಾರಣೆ ಎದುರಿಸಿದವರು. ಕತ್ತಲು, ಒಂಟಿ ಕುರ್ಚಿ, ಮುಖಕ್ಕೆ ಬೆಳಕು, ಎಲ್ಲ ಆ ನೆನಪಿನದೇ.

ಇನ್ನು ನಮ್ಮ ಕಡೆ ಬರೋಣ. ಅಪ್ಪನ ಕಾಲದ ಆಟ ಅಂದ್ರೆ ಸುರಭಿ. ಅದು ಸಂಸ್ಕೃತಿಯ ಕಾರ್ಯಕ್ರಮ ನಿಜ, ಆದರೆ ಜನ ಕಾಯ್ತಿದ್ದದ್ದು ಕೊನೆಯ ಪ್ರಶ್ನೆಗೆ. ಒಂದೇ ವಾರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಡು ಬಂದು, ಅಂಚೆ ಇಲಾಖೆ ಸ್ಪರ್ಧೆಗಳಿಗೆ ಅಂತಲೇ 2 ರೂಪಾಯಿಯ ಬೇರೆ ಕಾರ್ಡು ತರಬೇಕಾಯ್ತು. ಅಪ್ಪನೂ ಕಳಿಸಿದ್ದರಂತೆ. ಅದರ ಶೀರ್ಷಿಕೆ ಸಂಗೀತ ಪಿಟೀಲಿನ ಎಲ್. ಸುಬ್ರಮಣ್ಯಂ ಅವರದು. ಅವರ ಅಣ್ಣ ಎಲ್. ವೈದ್ಯನಾಥನ್ ಶಂಕರ್‌ನಾಗ್‌ರ ಮಾಲ್ಗುಡಿ ಡೇಸ್‌ಗೆ ಸಂಗೀತ ಕೊಟ್ಟವರು. ದೂರದರ್ಶನದ ಆ ಶಹನಾಯಿ ರಾಗ ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಹಮದ್ ಹುಸೇನ್ ಖಾನ್ ಅವರದು. ಆಕಾಶವಾಣಿಯ ಬೆಳಗಿನ ರಾಗ ವಾಲ್ಟರ್ ಕೌಫ್‌ಮನ್ ಹೆಸರಿನಲ್ಲಿದೆ. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ ಯಹೂದಿ ಆತ. ಬೆಳಿಗ್ಗೆ ಹಲ್ಲುಜ್ಜುತ್ತಾ ಕೇಳಿದ ಶಿವರಂಜಿನಿಯ ಹಿಂದೆ ಒಬ್ಬ ನಿರಾಶ್ರಿತ ಇದ್ದ ಅಂತ ನಮಗೆ ಯಾರಾದ್ರೂ ಹೇಳಿದ್ರಾ?

ಇಂಥದಕ್ಕೆಲ್ಲ ಸಿಗ್ನೇಚರ್ ಟ್ಯೂನ್ ಅಂತಾರೆ. ಸಿಗ್ನೇಚರ್ ಅಂದ್ರೆ ಸಹಿ. ಆದರೆ ಸಹಿ ಯಾರದು? ವಾಹಿನಿಯದು. ಮಾಡಿದವನದಲ್ಲ.

ಊರಿಗೆ ಹೋದ ಮಾರನೇ ದಿನ ಹಂಪಿಗೆ ಹೋಗಿದ್ದೆ. ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನ ಎಲ್ಲರೂ ನೋಡ್ತಾರೆ. ಆ ಕಲ್ಲಿನಿಂದ ಸ್ವರ ತೆಗೆದವನ ಹೆಸರು ಕಂಬದ ಮೇಲಿಲ್ಲ. ಅಲ್ಲಿಂದ ಹೊಳೆ ಕಡೆ ಇಳಿದರೆ ಪುರಂದರ ಮಂಟಪ. ಅಲ್ಲಿ ಕೂತಾಗ ಹೊಳೆದದ್ದು ಇಷ್ಟೇ. ದಾಸರು ಎಂಥ ಜಾಣರು! ಹಾಡಿನ ಕೊನೆಗೆ ಅಂಕಿತ ಹಾಕಿಬಿಟ್ಟರು. ಪುಸ್ತಕ ಕಳೆದರೂ, ಹಾಡುವವನಿಗೆ ಓದು ಬರದಿದ್ದರೂ, ಹಾಡು ಇರುವ ತನಕ ಪುರಂದರ ವಿಠಲ ಇರ್ತಾನೆ. ಮಾತಿಗೆ ಅಂಕಿತ ಹಾಕಬಹುದು, ಬರೀ ರಾಗಕ್ಕೆ ಎಲ್ಲಿ ಹಾಕೋದು? ಅದಕ್ಕೇ ನಾವು ಬಾಯಿಬಿಟ್ಟು ಹೇಳಬೇಕು.

2021ರ ಸೆಪ್ಟೆಂಬರ್‌ನಲ್ಲಿ ಮ್ಯಾಥ್ಯೂ ಸ್ಟ್ರಾಚನ್ ತೀರಿಕೊಂಡರು, 50 ವರ್ಷ. ಅಕ್ಟೋಬರ್‌ನಲ್ಲಿ ಅಲನ್ ಹಾಕ್‌ಶಾ. ಅದೇ ತಿಂಗಳ 29ಕ್ಕೆ ನಮ್ಮ ಅಪ್ಪು, 46 ವರ್ಷ. ಅವತ್ತು ಹೊಸಪೇಟೆ ಹೇಗಿತ್ತು ಅಂತ ಬರೆಯೋಕೆ ನನಗೆ ಬರಲ್ಲ. 2022ರ ಜೂನ್‌ನಲ್ಲಿ ಊರಲ್ಲಿ ಅಪ್ಪುವಿನ ಕಂಚಿನ ಪ್ರತಿಮೆ ನಿಂತಿತು. ಅವನ ಹಿಂದೆ ಡುಮ್ ಡುಮ್ ಅಂದವರ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ಲಾರಿಯನ್ನ ಆ ವರ್ಷವೇ ಫೈನಾನ್ಸಿನವರು ಎಳೆದುಕೊಂಡು ಹೋದರು. ಅಪ್ಪ ಈಗ ಕಂಪ್ಲಿಯಲ್ಲಿ ತಾತನ ಗದ್ದೆ ನೋಡಿಕೊಳ್ತಾರೆ. ಈ ಸಲ ಅವರಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಪ್ಪ ಮಗ ಸೇರಿ ಮಾಡಿದ್ದಾ?" ಅಂದರು. ಆಮೇಲೆ, "ನಿಮ್ಮ ತಾತನಿಗೆ ಹೇಳಬೇಕಿತ್ತಲೇ."

ಹೇಳಬೇಕಿತ್ತು. ಆಗಲಿಲ್ಲ, ಅದಕ್ಕೇ ನಿಮಗೆ ಹೇಳ್ತಿದ್ದೀನಿ. ನಿಮ್ಮ ಮನೆಯಲ್ಲೂ ಯಾವುದಾದ್ರೂ ಕಾರ್ಯಕ್ರಮದ ರಾಗ ಉಳಿದಿದ್ದರೆ, ಅದನ್ನ ಕಟ್ಟಿದವರ ಹೆಸರು ಗೊತ್ತಿದ್ದರೆ, ಒಂದು ಸಾಲು ಬರೆದು ತಿಳಿಸಿ. ಅಂಕಿತ ನಾವೇ ಹಾಕೋಣ.