ಪಾಲುದಾರ ತೀರಿಕೊಂಡ ಮೇಲೂ ಉಳಿದ ಕೋಡ್

ಬಿಕಾಂನಲ್ಲಿ ಓದಿದ್ದು ನೆನಪಿದೆ: 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಬೇರೆ ಬರೆದಿಲ್ಲದಿದ್ದರೆ ಪಾಲುದಾರ ಸತ್ತಾಗ ಸಂಸ್ಥೆಯೂ ಮುಗಿಯುತ್ತೆ. ಝೀರೋಎಂಕ್ಯೂ ಕಥೆ ಓದುವಾಗ ನನಗೆ ಇದೇ ನೆನಪಾಯ್ತು. ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸೋಕೆ 2007ರಲ್ಲಿ ಶುರುವಾದ ಓಪನ್ ಸೋರ್ಸ್ ಲೈಬ್ರರಿ ಇದು. ಮುಖ್ಯ ವಿನ್ಯಾಸಕಾರ ಮಾರ್ಟಿನ್ ಸುಸ್ಟ್ರಿಕ್ 2012ರಲ್ಲಿ ಅದೇ ಕೋಡ್ ತಗೊಂಡು ಬೇರೆಯಾದರು. ಉಳಿದ ಪೀಟರ್ ಹಿಂಟ್ಜೆನ್ಸ್ 'ಸಿ4' ಅನ್ನೋ ಒಪ್ಪಂದ ಬರೆದರು: ನಿಯಮ ಪಾಲಿಸಿದ ಪ್ಯಾಚ್ ಯಾರೇ ಕಳಿಸಲಿ, ಬೇಗ ಸೇರಿಸಿ, ಮೇಂಟೇನರ್ ತನ್ನ ಪ್ಯಾಚನ್ನು ತಾನೇ ಸೇರಿಸಬಾರದು, ಬರೆದವರ ಕಾಪಿರೈಟ್ ಅವರದ್ದೇ.

ಕ್ಯಾನ್ಸರ್‌ಗೆ ತುತ್ತಾಗಿದ್ದ ಪೀಟರ್ 2016ರಲ್ಲಿ ತೀರಿಕೊಂಡರು. ಕೋಡ್ ಯಾರೊಬ್ಬರ ಆಸ್ತಿಯೂ ಆಗಿರಲಿಲ್ಲ. ಮಿಕ್ಕವರು ಅದೇ ಒಪ್ಪಂದದಡಿ ಪ್ಯಾಚ್ ಸೇರಿಸ್ತಾ ಹೋದರು.