ದರಿಯಾ ದೌಲತ್ತಿನ ಭಿತ್ತಿಚಿತ್ರ ಮತ್ತು ಅದರ ಜೀರ್ಣೋದ್ಧಾರ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ಬೇಸಗೆಯ ಅರಮನೆಯು ತೇಗದ ಕಂಬಗಳಿಗೂ ಗೋಡೆಗಳ ವರ್ಣಾಲಂಕಾರಕ್ಕೂ ಪ್ರಸಿದ್ಧವಾದುದು. ಇದರ ಪಶ್ಚಿಮದ ಗೋಡೆಯಲ್ಲಿ, 1780ರ ಸೆಪ್ಟೆಂಬರ್ 10ರಂದು ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಪೊಳ್ಳಿಲೂರು ಕದನವು ಚಿತ್ರಿತವಾಗಿದೆ. ಚೌಕಾಕಾರವಾಗಿ ನಿಂತ ಇಂಗ್ಲಿಷ್ ಪಡೆ, ಅದರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಇವನ್ನು ನೋಡಿದವರು ಮರೆಯಲಾರರು.

ನಮ್ಮ ವಿದ್ಯಾರ್ಥಿಗಳು ಈ ಚಿತ್ರವನ್ನು ಟಿಪ್ಪುವಿನ ಕಾಲದ ಉಡುಪು, ಆಯುಧ, ಮುಖಲಕ್ಷಣಗಳಿಗೆ ನೇರ ಸಾಕ್ಷ್ಯವೆಂದು ಉದಾಹರಿಸುವುದುಂಟು. ಆದರೆ ರೈಸ್ ಅವರ ಮೈಸೂರು ಗೆಜೆಟಿಯರು ಹೇಳುವ ಸಂಗತಿ ಬೇರೆ. ಮುತ್ತಿಗೆಗೆ ಮೊದಲೇ ಈ ಚಿತ್ರವನ್ನು ಕೆಡಿಸಲಾಗಿತ್ತು. 1799ರ ಬಳಿಕ ಇಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನು. ತನ್ನವರ ಸೋಲಿನ ಚಿತ್ರವನ್ನು ವಿಜೇತನೇ ಉಳಿಸಿದ್ದು ವಿಚಿತ್ರವಾದರೂ ನಿಜ. ಆಮೇಲೆ ಅದರ ಮೇಲೆ ಸುಣ್ಣ ಬಳಿಯಲಾಯಿತು. ಚಿತ್ರವು ಬಹುಮಟ್ಟಿಗೆ ಅಳಿಸಿಹೋಯಿತು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಮೈಸೂರಿಗೆ ಬಂದಾಗ, ಮೂಲಚಿತ್ರವು ನೆನಪಿದ್ದ ಒಬ್ಬ ದೇಶೀಯ ಚಿತ್ರಗಾರನಿಂದ ಅದನ್ನು ಮತ್ತೆ ಬರೆಯಿಸುವಂತೆ ಆಜ್ಞಾಪಿಸಿದನು.

ಎಂದಮೇಲೆ ಇಂದು ನಾವು ಕಾಣುವ ವರ್ಣಗಳು ಬಹುಪಾಲು ಒಬ್ಬ ವೃದ್ಧನ ಸ್ಮರಣೆಯವು ಎನ್ನಬೇಕು. ವೃದ್ಧನೆಂಬುದು ನಮ್ಮ ಊಹೆ. ವೆಲ್ಲೆಸ್ಲಿಯ ಕಾಲದ ಚಿತ್ರವನ್ನು ಕಂಡಿದ್ದವನು ಆಗ ತರುಣನಾಗಿರುವುದು ಕಷ್ಟ. ಹಾಗೆಂದು ಚಿತ್ರವನ್ನು ತಳ್ಳಿಹಾಕುವುದೂ ಯುಕ್ತವಲ್ಲ. ಇದೇ ಕದನದ, ಕಾಗದದ ಮೇಲೆ ಬರೆದ ಬೃಹತ್ ಚಿತ್ರವೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಪಲ್ಲಕ್ಕಿ, ಚೌಕ, ಸ್ಫೋಟಗಳ ಯೋಜನೆ ಅದರಲ್ಲಿಯೂ ಇದೆ. ಆದುದರಿಂದ ಚಿತ್ರದ ವಿನ್ಯಾಸವನ್ನು ಹಳೆಯದೆಂದು ಒಪ್ಪಬಹುದು. ರುಮಾಲಿನ ಸುತ್ತು, ಮೀಸೆಯ ತಿರುವು, ಬಣ್ಣದ ಛಾಯೆಗಳ ಆಧಾರದಿಂದ ವಾದ ಹೂಡುವುದನ್ನು ನಾವು ಒಪ್ಪಲಾರೆವು.

ಈಗ ಪುರಾತತ್ತ್ವ ಇಲಾಖೆಯು ಬಿಸಿಲು ತಾಗದಂತೆ ಮೊಗಸಾಲೆಗೆ ತೆರೆಗಳನ್ನು ಇಳಿಬಿಟ್ಟು ಈ ಗೋಡೆಗಳನ್ನು ರಕ್ಷಿಸುತ್ತಿದೆ. ಅಧ್ಯಾಪಕರು ತರಗತಿಯಲ್ಲಿ ಈ ಚಿತ್ರವನ್ನು ತೋರಿಸುವಾಗ 1784ರೊಡನೆ ಡಾಲ್‌ಹೌಸಿಯ ಕಾಲವನ್ನೂ ಅದರ ಕೆಳಗೆ ಬರೆಯಬೇಕೆಂಬುದು ನಮ್ಮ ಸೂಚನೆ.