ಗಡಿ ದಾಟುವ ಬಂಡವಾಳ, ದಾಟದ ದನಿ

1997ರ ಫೆಬ್ರುವರಿ 27ರಂದು ಫ್ರಾನ್ಸಿನ ಕಾರು ತಯಾರಿಕಾ ಕಂಪನಿ ರೆನೋ, ಬೆಲ್ಜಿಯಂನ ವಿಲ್ವೋರ್ಡ್ ಪಟ್ಟಣದ ತನ್ನ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ಸುಮಾರು 3,100 ಮಂದಿಯ ಅನ್ನಕ್ಕೆ ಕುತ್ತು ಬಂತು. ತೀರ್ಮಾನವಾದದ್ದು ಫ್ರಾನ್ಸಿನಲ್ಲಿ, ಪೆಟ್ಟು ಬಿದ್ದದ್ದು ಬ್ರಸೆಲ್ಸ್ ಪಕ್ಕದ ಊರಿಗೆ. ಸ್ಥಳೀಯ ಸಂಘದ ಎದುರು ಕೂರುವ ವ್ಯವಸ್ಥಾಪಕರ ಕೈಯಲ್ಲಿ ಏನೂ ಇರಲಿಲ್ಲ.

ಬಹುರಾಷ್ಟ್ರೀಯ ಕಂಪನಿಗಳ ಕಾರ್ಮಿಕರಿಗೆ ಇದು ಹಳೆಯ ತೊಡಕು. ಕಂಪನಿಯ ಲೆಕ್ಕಾಚಾರ ಹಲವು ದೇಶಗಳಿಗೆ ಹರಡಿರುತ್ತದೆ. ಕಾರ್ಮಿಕ ಕಾನೂನು, ಸಂಘ, ನ್ಯಾಯಾಲಯಗಳು ಆಯಾ ದೇಶದ ಗಡಿಯಲ್ಲೇ ನಿಲ್ಲುತ್ತವೆ. ಈ ಕಂದರವನ್ನು ಮುಚ್ಚಲು 1980ರಲ್ಲಿ ಐರೋಪ್ಯ ಆಯೋಗ ಮುಂದಿಟ್ಟ, ಆಯುಕ್ತ ಹೆಂಕ್ ವ್ರೇಡೆಲಿಂಗ್ ಹೆಸರಿನ ಪ್ರಸ್ತಾವ, ಉದ್ಯಮಿಗಳ ಮತ್ತು ಬ್ರಿಟಿಷ್ ಸರ್ಕಾರದ ವಿರೋಧದಿಂದ ಮೂಲೆ ಸೇರಿತು. ಕೊನೆಗೆ 1994ರಲ್ಲಿ ಐರೋಪ್ಯ ಒಕ್ಕೂಟ ಒಂದು ನಿಯಮ ತಂದಿತು. ಒಟ್ಟು 1,000 ನೌಕರರಿದ್ದು, ಕನಿಷ್ಠ ಎರಡು ಸದಸ್ಯ ದೇಶಗಳಲ್ಲಿ ತಲಾ 150 ಮಂದಿ ಇರುವ ಕಂಪನಿಯ ಕಾರ್ಮಿಕರು ತಮ್ಮದೇ ಐರೋಪ್ಯ ಮಂಡಳಿಯನ್ನು ಕೇಳಿ ಪಡೆಯಬಹುದಾಯಿತು.

ರೆನೋದಲ್ಲಿ ಅಂಥ ಮಂಡಳಿ ಇತ್ತು. ಆದರೂ ಮುಚ್ಚುವ ಮುನ್ನ ಅದರೊಡನೆ ಸಮಾಲೋಚನೆ ನಡೆಯಲಿಲ್ಲ. ಮಾರ್ಚ್ 7ರಂದು ಬೆಲ್ಜಿಯಂ, ಫ್ರಾನ್ಸ್, ಸ್ಪೇನ್‌ಗಳ ರೆನೋ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಫ್ರಾನ್ಸಿನ ನಾಂತೇರ್ ನ್ಯಾಯಾಲಯ ಕಂಪನಿಯದು ತಪ್ಪೆಂದಿತು; ಮೇ ತಿಂಗಳಲ್ಲಿ ವರ್ಸೈಲ್ಸ್ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೆ ಕಾನೂನು 'ಮೊದಲು ಕೇಳಿ' ಎಂದಿತೇ ಹೊರತು 'ಮುಚ್ಚಬೇಡಿ' ಎನ್ನಲಿಲ್ಲ. ಕಾರ್ಖಾನೆಗೆ ಅದೇ ವರ್ಷ ಬೀಗ ಬಿತ್ತು.

ಇನ್ನೊಂದು ತೊಡಕು ಕಾರ್ಮಿಕರ ನಡುವೆಯೇ ಇದೆ. ಒಂದೂರಿನ ನಷ್ಟ ಇನ್ನೊಂದೂರಿನ ಲಾಭವಾದಾಗ ಒಗ್ಗಟ್ಟು ಸುಲಭವಲ್ಲ. 1993ರಲ್ಲಿ ಹೂವರ್ ಕಂಪನಿ ಫ್ರಾನ್ಸಿನ ದಿಜೋನ್ ಬಳಿಯ ಕಾರ್ಖಾನೆಯ ಕೆಲಸವನ್ನು ಸ್ಕಾಟ್ಲೆಂಡಿನ ಕ್ಯಾಂಬುಸ್ಲ್ಯಾಂಗ್‌ಗೆ ಸಾಗಿಸಿತು. ಆ ಕೆಲಸ ತಮಗೆ ದಕ್ಕಲೆಂದು ಅಲ್ಲಿಯ ಕಾರ್ಮಿಕರು ವೇತನ ಏರಿಕೆ ನಿಲುಗಡೆಗೂ ಒಪ್ಪಿದ್ದರು. ದಿಜೋನ್‌ನಲ್ಲಿ ಸುಮಾರು 600 ಮಂದಿ ಕೆಲಸ ಕಳೆದುಕೊಂಡರು. ಮುಂದೆ ಕ್ಯಾಂಬುಸ್ಲ್ಯಾಂಗ್ ಕಾರ್ಖಾನೆಯೂ ಮುಚ್ಚಿತು.

2009ರಲ್ಲಿ ಐರೋಪ್ಯ ನಿಯಮವನ್ನು ತಿದ್ದಿ, ಸಮಾಲೋಚನೆ ಎಂದರೇನು, ಅದು ಯಾವಾಗ ನಡೆಯಬೇಕು ಎಂಬುದನ್ನು ಸ್ಪಷ್ಟಪಡಿಸಲಾಯಿತು. ಕಾರ್ಖಾನೆ ಮುಚ್ಚುವುದನ್ನು ತಡೆಯುವ ಹಕ್ಕು ಮಾತ್ರ ಮಂಡಳಿಗೆ ಸಿಗಲಿಲ್ಲ. ಮುಂಚಿತವಾಗಿ ತಿಳಿಯುವ ಹಕ್ಕು ಸಣ್ಣದಲ್ಲ. ಆದರೆ ದಿಜೋನ್ ಮತ್ತು ಕ್ಯಾಂಬುಸ್ಲ್ಯಾಂಗ್‌ಗಳ ಕಾರ್ಮಿಕರು ಪರಸ್ಪರ ಮಾತನಾಡದಿದ್ದರೆ, ತಿಳಿದ ಸುದ್ದಿಯಿಂದ ಇಬ್ಬರಿಗೂ ಉಳಿಯುವುದು ಅಷ್ಟಕ್ಕಷ್ಟೇ.